ನೆರೆಯ ಜಾಲತಾಣ

"ಗುರುಗಳೇ, ತಪ್ಪು ಎಲ್ಲಿದೆಯೆಂದು ಗೊತ್ತಾದ ಮೇಲೆ ಮನುಷ್ಯ ಅದನ್ನು ತಿದ್ದಿಕೊಳ್ಳುತ್ತಾನಲ್ಲವೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಎಷ್ಟು ಒಳ್ಳೆಯವನಪ್ಪಾ ನೀನು! ಕೇಳು" ಎಂದು ಈ ಕತೆ ಹೇಳಿದರು.

ಒಬ್ಬ ಸೀರೆ ವ್ಯಾಪಾರಿಗೆ ಒಂದು ಜಾಲತಾಣವಿತ್ತು. ಅಗ್ಗವೆಂದು ಅದನ್ನು ನೂರು ತಾಣಗಳು ಹಂಚಿಕೊಂಡ ಸರ್ವರ್‌ನಲ್ಲಿ ಇರಿಸಿದ್ದ. ಹಬ್ಬದ ವಾರ ಅದು ನಿಧಾನವಾಯಿತು. ತನ್ನ ತಾಣದಲ್ಲೇ ಏನಾದರೂ ಆಗಿದೆಯೇ ಎಂದು ಅವನು ನೋಡಲಿಲ್ಲ. ನೆರೆಯವರಲ್ಲಿ ಯಾರೋ ಸರ್ವರನ್ನು ನುಂಗುತ್ತಿದ್ದಾರೆ ಎಂದುಕೊಂಡ. ಅವರು ಯಾರೆಂದು ಹಿಡಿಯಲು, ನೆರೆಯ ತಾಣಗಳನ್ನೆಲ್ಲ ಸೆಕೆಂಡಿಗೊಮ್ಮೆ ತೆರೆದು ನೋಡುವ ಪ್ರೋಗ್ರಾಂ ಒಂದನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿದ. ಕಾವಲು ಹಾಕಿದೆನೆಂಬ ಹೆಮ್ಮೆ ಬೇರೆ.

ಆ ನೂರರಲ್ಲಿ ಒಂದು ತಾಣ ಒಬ್ಬ ತಾಯಿಯದು. ಅವಳ ಮಗಳಿಗೆ ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕಿತ್ತು. ಅಂಥ ಮಕ್ಕಳಿಗಾಗಿ ಅವಳು ಆ ತಾಣದಲ್ಲಿ ರಕ್ತದಾನಿಗಳ ಪಟ್ಟಿ ಇಟ್ಟಿದ್ದಳು. ಪುಟ ತೆರೆದಾಗಲೆಲ್ಲ ಸರ್ವರ್ ಇಡೀ ಪಟ್ಟಿಯನ್ನು ಜಾಲಾಡಿ, ಇಂದು ಯಾರು ರಕ್ತ ಕೊಡಬಲ್ಲರೆಂದು ತೋರಿಸಬೇಕಿತ್ತು. ದಿನಕ್ಕೆ ಹತ್ತು ಮಂದಿ ತೆರೆಯುತ್ತಿದ್ದ ಪುಟವನ್ನು ವ್ಯಾಪಾರಿಯ ಪ್ರೋಗ್ರಾಂ ಸೆಕೆಂಡಿಗೊಮ್ಮೆ ತೆರೆಯತೊಡಗಿತು. ಸರ್ವರ್ ಏದುಸಿರು ಬಿಟ್ಟಿತು. ವ್ಯಾಪಾರಿಯ ತಾಣ ಪೂರ್ತಿ ಮಲಗಿತು.

ಅವನು ಸರ್ವರ್ ನೋಡಿಕೊಳ್ಳುವವನಿಗೆ ದೂರು ಬರೆದ. ಆತ ನೋಡಿದರೆ, ಹೊರೆಯೆಲ್ಲ ಆ ತಾಯಿಯ ತಾಣದ್ದೇ. ಅದನ್ನು ಮುಚ್ಚಿಬಿಟ್ಟ.

"ನಾಳೆ ನನ್ನ ಮಗಳಿಗೆ ರಕ್ತ ಬೇಕು ಸ್ವಾಮಿ. ತಾಣ ಬೇಡ, ದಾನಿಗಳ ಪಟ್ಟಿಯಾದರೂ ಕೊಡಿ" ಎಂದು ಅವಳು ಫೋನಿನಲ್ಲಿ ಅಂಗಲಾಚಿದಳು.

"ನಿಮ್ಮೊಬ್ಬರಿಂದ ಎಲ್ಲರಿಗೂ ತೊಂದರೆ ಆಗ್ತಿದೆಯಮ್ಮಾ. ದೂರು ಇತ್ಯರ್ಥ ಆಗೋವರೆಗೂ ನಾವು ಮುಟ್ಟೋ ಹಾಗಿಲ್ಲ" ಎಂದ ಆತ.

ಅಂದೇ ಸಂಜೆ ಆತ ವ್ಯಾಪಾರಿಗೆ ದಾಖಲೆ ಕಳುಹಿಸಿದ. ಆ ಪುಟವನ್ನು ಒಂದು ದಿನದಲ್ಲಿ ಎಂಬತ್ತಾರು ಸಾವಿರ ಸಲ ತೆರೆಯಲಾಗಿತ್ತು. ತೆರೆದದ್ದೆಲ್ಲ ಒಂದೇ ಇಂಟರ್ನೆಟ್ ವಿಳಾಸದಿಂದ. ವ್ಯಾಪಾರಿ ಆ ವಿಳಾಸ ಓದಿದ. ಅದು ಅವನ ಅಂಗಡಿಯ ಕಂಪ್ಯೂಟರಿನದು. ಸದ್ದಿಲ್ಲದೆ ಪ್ರೋಗ್ರಾಂ ಅಳಿಸಿದ.

ಮರುದಿನ ಆ ತಾಯಿ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಸಂಜೆಯವರೆಗೂ ಕೂತಿದ್ದಳು. ರಕ್ತ ಸಿಗಲಿಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ತಪ್ಪು ನನ್ನದು ಎಂದು ಅವನು ಒಂದು ಸಾಲು ಬರೆದಿದ್ದರೆ ಸಾಕಿತ್ತು! ಆ ಪಾಪಿ ಅಷ್ಟನ್ನೂ ಬರೆಯಲಿಲ್ಲವೆ?"

"ಬರೆದನಪ್ಪಾ, 'ತಾಣ ಈಗ ಚೆನ್ನಾಗಿ ಓಡುತ್ತಿದೆ, ತುಂಬ ಉಪಕಾರವಾಯಿತು' ಎಂದು ಬರೆದ."