ಹೊನ್ನವ್ವನ ಕೆಂಪು ನಗೆ

ಹೊಳೆದಂಡೆಯ ಒಂದು ಆಶ್ರಮದಲ್ಲಿ ಮುಪ್ಪಿನಯ್ಯ ಎಂಬ ಗುರುಗಳಿದ್ದರು. ಜಪತಪದ ಜೊತೆಗೆ ಶಿಷ್ಯರಿಗೆ ಫೋಟೊ ತೆಗೆಯುವುದನ್ನೂ ಕಲಿಸುತ್ತಿದ್ದರು. ನೋಡಲು ಕಲಿತವನಿಗೆ ಅರ್ಧ ಧ್ಯಾನ ಕೈಗೂಡಿದಂತೆ ಎನ್ನುವುದು ಅವರ ಮಾತು.

ಕೊಟ್ರೇಶ ಅವರ ಬಳಿ ಆರು ವರ್ಷದಿಂದ ಇದ್ದ. ಜಂಬಣ್ಣ ಬಂದು ಆರು ತಿಂಗಳೂ ಆಗಿರಲಿಲ್ಲ.

ಒಂದು ಬೆಳಿಗ್ಗೆ ಜಂಬಣ್ಣ ತಾನು ತೆಗೆದ ಚಿತ್ರವೊಂದನ್ನು ಗುರುಗಳ ಮುಂದಿಟ್ಟ. ಹರಿಗೋಲು ನಡೆಸುವ ಮುದುಕಿ ಹೊನ್ನವ್ವನ ಚಿತ್ರ. ಬೂದು ಬಂಡೆ, ಬೂದು ನೀರು, ಮಾಸಿದ ಸೀರೆ. ನಡುವೆ ಎಲೆಯಡಿಕೆ ಜಗಿದು ಕೆಂಪಾದ ಬಾಯಿ ತೆರೆದು ಮುದುಕಿ ನಗುತ್ತಿದ್ದಳು.

ಗುರುಗಳು ಬಹಳ ಹೊತ್ತು ನೋಡಿದರು.

ಕೊಟ್ರೇಶನ ಯಾವ ಚಿತ್ರವನ್ನೂ ಅವರು ಅಷ್ಟು ಹೊತ್ತು ನೋಡಿದ್ದಿಲ್ಲ. ಅವನಿಗೆ ಅದು ಸಹಿಸಲಾಗಲಿಲ್ಲ.

"ಊಟದ ಮನೆಯ ಗೋಡೆಗೆ ಹಾಕೋಣ," ಎಂದರು ಗುರುಗಳು. "ಬಣ್ಣದಲ್ಲೋ, ಕಪ್ಪು-ಬಿಳುಪಿನಲ್ಲೋ? ಕೊಟ್ರೇಶ, ನೀನು ಹಿರಿಯ, ನೀನೇ ಹೇಳು."

ಕೆಂಪು ಕಪ್ಪಾದರೆ ಆ ನಗೆಯ ಗತಿ ಏನು ಎಂಬುದು ಕೊಟ್ರೇಶನಿಗೆ ತಕ್ಷಣ ಹೊಳೆಯಿತು.

"ಕಪ್ಪು-ಬಿಳುಪೇ ಸರಿ, ಗುರುಗಳೇ. ಒಂದು ಗಾಂಭೀರ್ಯ ಬರುತ್ತೆ."

"ಅಣ್ಣ ಹೇಳಿದ ಮೇಲೆ ಮುಗೀತು," ಎಂದ ಜಂಬಣ್ಣ.

ಗುರುಗಳು ಹಾಗೆಯೇ ಮಾಡಿಸಿ ಗೋಡೆಗೆ ಹಾಕಿಸಿದರು.

ಮಧ್ಯಾಹ್ನ ಊಟಕ್ಕೆ ಬಂದ ಹೊನ್ನವ್ವ ಚಿತ್ರದ ಮುಂದೆ ನಿಂತುಬಿಟ್ಟಳು.

"ಯಪ್ಪಾ, ನಾ ಯಾವಾಗ ಹಿಂಗ ಅತ್ತಿದ್ದೆ? ಯಾರೋ ಸತ್ತಾಗ ಬಾಯಿ ಬಡಕೊಂಡಂಗ ಕಾಣ್ತೀನಲ್ಲೋ!"

ಉಣ್ಣದೆ, ಬಾಯಿಗೆ ಸೆರಗು ಹಿಡಿದುಕೊಂಡು ಹೊರಟುಹೋದಳು.

"ತಪ್ಪು ನನ್ನದೇ. ನನಗೆ ತೆಗೆಯೋಕೆ ಬರಲಿಲ್ಲ," ಎಂದು ಜಂಬಣ್ಣ ತಟ್ಟೆ ಸರಿಸಿ ಎದ್ದ.

ಕೊಟ್ರೇಶ ಬಯಸಿದ್ದು ಇದನ್ನೇ. ಆದರೂ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದ. ಹೋಗಿ ಗುರುಗಳ ಕಾಲಿಗೆ ಬಿದ್ದ.

"ಬೇಕಂತಲೇ ಹೇಳಿದೆ. ಆ ಚಿತ್ರವನ್ನ ಕೊಲ್ಲಬೇಕಿತ್ತು ನನಗೆ. ನೀವು ಅದನ್ನ ನೋಡಿದ ಹಾಗೆ ನನ್ನದನ್ನ ಒಂದು ದಿನವಾದರೂ ನೋಡಿದ್ದೀರಾ?"

"ಮೊದಲು ಇದನ್ನ ಜಂಬಣ್ಣನಿಗೆ ಹೇಳು. ಆಮೇಲೆ ಬಣ್ಣದ್ದನ್ನ ನೀನೇ ಗೋಡೆಗೆ ಹಾಕಿ, ಹೊನ್ನವ್ವನನ್ನ ಕರೆದುಕೊಂಡು ಬಾ."

ಕೊಟ್ರೇಶ ಹೇಳಿದ. ಜಂಬಣ್ಣ ಮೊಳೆ ಹಿಡಿದುಕೊಟ್ಟ. ಹೊನ್ನವ್ವ ಬಂದಳು, ನೋಡಿದಳು, ಗೋಡೆಯ ಮೇಲಿನವಳಿಗಿಂತ ಜೋರಾಗಿ ನಕ್ಕಳು.

ಸಂಜೆ ಗುರುಗಳು ಪೆಟ್ಟಿಗೆಯಿಂದ ಕೊಟ್ರೇಶನ ಚಿತ್ರವೊಂದನ್ನು ತೆಗೆದರು. ಹೊಳೆಯ ಮೇಲೆ ಸೂರ್ಯ ಮುಳುಗುವ ಚಿತ್ರ. ಆರು ವರ್ಷದಲ್ಲಿ ಅವನು ತೆಗೆದದ್ದರಲ್ಲೆಲ್ಲ ಒಳ್ಳೆಯದು.

"ಇದನ್ನ ಕೊಲ್ಲು ನೋಡೋಣ."

ಕೊಟ್ರೇಶ ದಿಟ್ಟಿಸಿದ. ಮನಸ್ಸಿನಲ್ಲೇ ಬಣ್ಣ ತೆಗೆದ, ಮತ್ತೆ ತುಂಬಿದ. ಕಪ್ಪು ಮಾಡಿದ, ತಿಳಿ ಮಾಡಿದ.

"ಆಗ್ತಿಲ್ಲ, ಗುರುಗಳೇ. ಬಣ್ಣ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ."

ಗುರುಗಳು ಚಿತ್ರವನ್ನು ಅವನ ಕೈಗಿಟ್ಟರು.

"ಜಂಬಣ್ಣನ ಚಿತ್ರದ ಜೀವ ಎಲ್ಲಿದೆ ಅಂತ ಒಂದೇ ನೋಟಕ್ಕೆ ಕಂಡೆಯಲ್ಲ, ನಿನ್ನ ಕಣ್ಣು ಚೆನ್ನಾಗಿಯೇ ಇದೆ. ಹೋಗು, ಕೊಲ್ಲೋಕೆ ಬರುವಂಥದ್ದೊಂದು ತೆಗೆದುಕೊಂಡು ಬಾ."