ಕೆಂಚಿ ಉಳಿಸಿದ ಎರಡು ಮರ

ಒಂದಾನೊಂದು ಕಾಲ ಅಂದರೆ ನಮ್ಮಜ್ಜಿಯ ಅಜ್ಜಿಗೂ ಗೊತ್ತಿಲ್ಲದ ಕಾಲ, ಆಗ ಬೆಟ್ಟದ ನೆತ್ತಿವರೆಗೂ ಕಾಡೇ ಇತ್ತಂತೆ. ಅಲ್ಲಿ ಬೊಮ್ಮವ್ವ ಅಂತ ಒಬ್ಬಳು, ಅವಳಿಗೆ ನಂಜಿ, ಮಾದಿ, ಕೆಂಚಿ ಅಂತ ಮೂರು ಹೆಣ್ಣುಮಕ್ಕಳು. ಆಗಿನವರಿಗೆ ಮರಗಳಷ್ಟೇ ಆಯುಸ್ಸಂತೆ.

ಹಿಂಗಿರುವಾಗ ಒಂದು ವರ್ಷ ಬಂದ ಚಳಿ ವಾಪಸ್ಸು ಹೋಗಲೇ ಇಲ್ಲವಂತೆ. ಮಳೆ ಕಮ್ಮಿಯಾಯ್ತು, ಬೆಳಗಾದರೆ ಎಲೆ ಮೇಲೆಲ್ಲಾ ಹಿಮ, ಮರಗಳು ಒಣಗಿ ಬಿದ್ದು ಬೆಟ್ಟದ ಬೆನ್ನೆಲ್ಲಾ ಬರೀ ಹುಲ್ಲಾಯ್ತಂತೆ. ಆಮೇಲೆ ಬೊಮ್ಮವ್ವ ಸಿಕ್ಕಷ್ಟು ಬೀಜ ಆರಿಸಿ ಮೂರು ಪಾಲು ಮಾಡಿ, ಗಾಳಿ ಹೊಗದ ಕಣಿವೆ ಮೂರಿದಾವೆ, ಒಬ್ಬೊಬ್ಬಳು ಒಂದೊಂದಕ್ಕೆ ಹೋಗಿ ಕಾಡು ಉಳಿಸ್ಕೊಳ್ಳಿ ಅಂದಳಂತೆ.

ನಂಜಿಗೆ ಸಿಕ್ಕಿದ್ದು ಪಡುವಣ ಕಣಿವೆ, ಅಲ್ಲಿ ಸದಾ ಮಂಜು, ಜರೀಗಿಡ, ಪಾಚಿ, ಸೀತಾಳೆ ಹೂವು ಎಲ್ಲಾ ಹಬ್ಬಿದವು. ಮಾದಿಗೆ ಮೂಡಣದ್ದು, ಅಲ್ಲಿ ಬಿಸಿಲು, ಸಂಪಿಗೆ ದಾಲ್ಚಿನ್ನಿ ಚೆನ್ನಾಗಿ ಎದ್ದವು. ಕೆಂಚಿಗೆ ಉಳಿದಿದ್ದು ನೆತ್ತಿ ಹತ್ತಿರದ ಪುಟ್ಟ ಕಣಿವೆ. ಮೊದಲು ಹಿಮ ಸುರೀತು, ಹುಲ್ಲು ಹೊದಿಸಿದಳು, ಆದರೂ ಅರ್ಧ ಸಸಿ ಸತ್ತವು. ಆಮೇಲೆ ತೊರೆ ಬತ್ತಿತು, ಕೆಳಗಿಂದ ನೀರು ಹೊತ್ತಳು, ಇನ್ನಷ್ಟು ಒಣಗಿದವು. ಆಮೇಲೆ ಹುಲ್ಲಿಗೆ ಬೆಂಕಿ ಬಿತ್ತು, ಹಸಿ ಸೊಪ್ಪು ಹಿಡಿದು ಬಡಿದೂ ಬಡಿದೂ ಕೈ ಸುಟ್ಟುಕೊಂಡಳಂತೆ. ಕೊನೆಗೆ ಉಳಿದಿದ್ದು ಎರಡೇ ಜಾತಿ, ಸಣ್ಣೆಲೆ ನೇರಳೆ, ಕೆಂಪು ಹೂ ಬಿಡೋ ಒಂದು ಸೊಟ್ಟ ಮರ.

ಎಷ್ಟೋ ಕಾಲದ ಮೇಲೆ ಚಳಿ ಸಡಿಲವಾಗಿ ಮಳೆ ಬಂತು. ಬೀಜ ತಗೊಂಡು ನೆತ್ತಿಗೆ ಬನ್ನಿ ಅಂತ ಬೊಮ್ಮವ್ವ ಹೇಳಿಕಳಿಸಿದಳಂತೆ. ಕೆಂಚಿಗೆ ಹೋಗೋಕೇ ಮನಸ್ಸಿಲ್ಲ. ಹೋದಳು, ಅಕ್ಕಂದಿರ ಕುಕ್ಕೆ ತುಂಬಾ ನೂರಾರು ಜಾತಿ. ಒಂದೇ ಮರದ ನೇರಳೆ ಬೀಜ ಕೂಡಾ ಮೂರು ಕಣಿವೇಲಿ ಮೂರು ಥರ ಆಗಿತ್ತಂತೆ.

“ಅವ್ವಾ, ನೀ ಕೊಟ್ಟಿದ್ದೆಲ್ಲ ಕಳೆದುಬಿಟ್ಟೆ” ಅಂದಳಂತೆ ಕೆಂಚಿ, ತಲೆ ಎತ್ತದೆ.

ಇರೋದನ್ನೇ ಬಿತ್ತಿ ಅಂದಳು ಬೊಮ್ಮವ್ವ. ಬಿತ್ತಿದರು. ನೆತ್ತಿ ಗಾಳಿಗೆ ಅಕ್ಕಂದಿರ ಸಸಿ ಒಂದೂ ನಿಲ್ಲಲಿಲ್ಲ, ಮರುವರ್ಷವೂ ಹಂಗೇ, ಅದರ ಮರುವರ್ಷವೂ ಹಂಗೇ. ಕೆಂಚಿಯ ಸೊಟ್ಟ ಮರ ಮಾತ್ರ ಬೇರು ಬಿಟ್ಟು ಆಳೆತ್ತರ ಆಯ್ತಂತೆ, ಅದರ ಮರೆಯಲ್ಲಿ ಅವಳ ಸಣ್ಣೆಲೆ ನೇರಳೆನೂ ಎದ್ದಿತಂತೆ. ಆಮೇಲೆ ದೊಡ್ಡವಳು ನಂಜಿ ತಾನೇ ಬಂದು, “ಕೆಂಚೀ, ನಿನ್ನ ಮರದ ನೆರಳಲ್ಲಿ ನಂದೊಂದಿಷ್ಟು ಬಿತ್ತಲಾ?” ಅಂದಳು.

“ಬಿತ್ತಕ್ಕಾ, ಜಾಗ ಐತಲ್ಲ” ಅಂದಳಂತೆ ಕೆಂಚಿ.

ಆಮೇಲೆ ಮಾದಿನೂ ಬಂದಳು. ನೆತ್ತಿ ಮೇಲೆ ಮತ್ತೆ ಕಾಡು ಎದ್ದಿತು, ನಾಲ್ಕೂ ಜನ ಅಲ್ಲೇ ಗುಡಿಸಲು ಕಟ್ಟಿಕೊಂಡು ಸುಖವಾಗಿದ್ದರಂತೆ. ಕತೆ ಇಲ್ಲಿಗೆ ತೀರಿತು, ಕಣ್ಮುಚ್ಚು ಮಗಾ.