ಹಗೇವಿನೊಳಗಿನ ಗುಡಾಣ

ನದಿಯ ಆಚೆ ದಂಡೆಯ ಊರುಗಳಲ್ಲಿ ಜ್ವರ ಇಳಿದಿತ್ತು. ಆದರೆ ಜ್ವರ ಇಳಿದವರಿಗೆ ಹಸಿವು ಮರಳಿರಲಿಲ್ಲ.

ಅಂಥವರಿಗಾಗಿ ಈಚೆ ದಂಡೆಯ ಆಶ್ರಮದಲ್ಲಿ ಭಾಗೀರಥಿ ಅವ್ವ ಒಂದು ಪಾನೀಯ ಮಾಡುತ್ತಿದ್ದರು. ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯನ್ನು ತರಿತರಿಯಾಗಿ ಕುಟ್ಟಿ, ಬಿಸಿನೀರಿನಲ್ಲಿ ನೆನೆಸಿ, ಆರಿದ ಮೇಲೆ ಹಿಂದಿನ ಮಡಕೆಯ ಗಸಿಯನ್ನು ಬೆರೆಸಿ, ಹುದುಗಲು ಬಿಟ್ಟು, ಕಡೆಗೆ ಸೋಸುವುದು. ಅಡುಗೆಮನೆಯ ಮೂಲೆಯಲ್ಲಿ ಒಂದೇ ಮಡಕೆ.

ಅದನ್ನು ಹೆಂಡವೆಂದು ಮೂಗು ಮುರಿಯುವವರೂ ಇದ್ದರು. ಅವ್ವ ಯಾರಿಗೂ ಒಂದು ಬಟ್ಟಲಿಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಕೊಟ್ಟದ್ದನ್ನು ಅವರ ಎದುರಿಗೇ ಕುಡಿದು ಬಟ್ಟಲು ತೊಳೆದಿಡಬೇಕಿತ್ತು.

ಒಂದು ಮುಂಜಾನೆ ಶಿಷ್ಯ ಶಾಂತವೀರ ಬಂದು ನಿಂತ.

“ಅವ್ವಾ, ಮಡಕೆ ಸಾಲುತ್ತಿಲ್ಲ. ದೋಣಿ ಹತ್ತಿ ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಿದ್ದಾರೆ. ದೊಡ್ಡ ಗುಡಾಣದಲ್ಲಿ ಮಾಡಲೇ?”

“ಮಾಡಬಲ್ಲೆಯಾ?”

“ಅಳತೆ ಗೊತ್ತಿದೆಯಲ್ಲ. ಮಡಕೆಗೆ ಒಂದು ಪಾಲಾದರೆ ಗುಡಾಣಕ್ಕೆ ಇಪ್ಪತ್ತು ಪಾಲು. ಅದರಲ್ಲೇನಿದೆ?”

ಅವ್ವ ಅವನ ಮುಖವನ್ನೇ ನೋಡಿದರು.

“ಅದರಲ್ಲೇನಿದೆಯೋ ನನಗೂ ಗೊತ್ತಿಲ್ಲಪ್ಪ. ನಾನು ಬಲ್ಲದ್ದು ಮಡಕೆಯನ್ನು. ಮಾಡು. ಆದರೆ ಅದರ ಪಕ್ಕ ಬಿಟ್ಟು ಏಳಬೇಡ.”

ಹಾಗೆ ಹೇಳಿ ಅವರು ಆಚೆ ದಂಡೆಯ ರೋಗಿಗಳನ್ನು ನೋಡಲು ದೋಣಿ ಹತ್ತಿದರು.

ಶಾಂತವೀರ ಅಡುಗೆಮನೆಯಲ್ಲೇ ಗುಡಾಣ ತುಂಬಿದ. ಮಡಕೆಯಾದರೆ ಹುದುಗುವಾಗ ಅಂಗೈಗೆ ಹಿತವಾಗಿ ಬೆಚ್ಚಗಿರುತ್ತಿತ್ತು. ಗುಡಾಣ ಹಾಗಿರಲಿಲ್ಲ. ಒಲೆಯಿಲ್ಲದೆ, ಬೆಂಕಿಯಿಲ್ಲದೆ, ಅದು ತನ್ನಷ್ಟಕ್ಕೆ ತಾನೇ ಕಾಯತೊಡಗಿತು. ಅವನು ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಥಟ್ಟನೆ ಹಿಂದಕ್ಕೆ ಎಳೆದುಕೊಂಡ. ಜ್ವರದವರ ಮೈ ಮುಟ್ಟಿದಂತಾಗಿತ್ತು.

ಮಾರನೆಯ ದಿನ ನೊರೆ ಉಕ್ಕಿ ನೆಲವೆಲ್ಲ ಹರಿಯಿತು. ಒಳಗಿದ್ದದ್ದು ಬಾಯಿಗಿಡಲಾರದಷ್ಟು ಹುಳಿಯಾಗಿತ್ತು. ಎಲ್ಲವನ್ನೂ ತಿಪ್ಪೆಗೆ ಚೆಲ್ಲಬೇಕಾಯಿತು.

“ಇದಕ್ಕೆ ತಂಪು ಬೇಕು,” ಎಂದ ಅವನ ಜೊತೆಗಾರ ದುಂಡಯ್ಯ. ಅವನು ಆ ಸೀಮೆಯವನೇ. ದೊಡ್ಡ ಮೈಯವನು, ಅದಕ್ಕಿಂತ ದೊಡ್ಡ ಬಾಯಿಯವನು. “ಹಿತ್ತಲಲ್ಲಿ ಹಗೇವು ಖಾಲಿ ಬಿದ್ದಿದೆ. ಎಂಥ ಬೇಸಗೆಯಲ್ಲೂ ಅದರೊಳಗೆ ತಣ್ಣಗೆ. ಗುಡಾಣವನ್ನು ಅಲ್ಲಿಗೆ ಇಳಿಸೋಣ.”

ಶಾಂತವೀರ ನದಿಯ ಮೇಲ್ಗಡೆಯ ಕಲ್ಲುಸೀಮೆಯಿಂದ ಬಂದವನು. ಅಲ್ಲಿ ನೆಲ ಅಗೆದು ಜೋಳ ತುಂಬಿಡುವ ರೂಢಿಯಿರಲಿಲ್ಲ. ಹಗೇವಿನ ಬಾಯಿಂದ ಒಳಗೆ ಇಣುಕಿದ. ಕೆಳಗೆ ಕತ್ತಲು ನೀರಿನಂತೆ ನಿಂತಿತ್ತು.

“ಅವ್ವ ಪಕ್ಕದಲ್ಲೇ ಇರು ಎಂದಿದ್ದರು,” ಎಂದ.

“ಇರು ಮತ್ತೆ. ಬಾಯಿಯ ಪಕ್ಕದಲ್ಲಿ ಕೂತುಕೋ. ಯಾರು ಬೇಡವೆಂದರು?”

ಇಬ್ಬರೂ ಹಗೇವನ್ನು ಗುಡಿಸಿ, ಬರಿದಾದ ಗುಡಾಣವನ್ನು ಹಗ್ಗ ಕಟ್ಟಿ ಇಳಿಸಿದರು. ಜವೆಗೋಧಿಯನ್ನೂ ನೀರನ್ನೂ ಗಸಿಯನ್ನೂ ಮೇಲಿನಿಂದ ಕೊಡಗಳಲ್ಲಿ ಬಿಟ್ಟು ತುಂಬಿದರು. ಇಲಿ ಬೀಳದಿರಲೆಂದು ಹಗೇವಿನ ಬಾಯಿಗೆ ಚಪ್ಪಡಿ ಎಳೆದರು.

ಅಂದಿನಿಂದ ಶಾಂತವೀರನಿಗೆ ನೆಮ್ಮದಿಯಿರಲಿಲ್ಲ.

ಚಪ್ಪಡಿಗೆ ಕಿವಿಗೊಟ್ಟರೆ ಕೆಳಗಿನಿಂದ ಸದ್ದು ಬರುತ್ತಿತ್ತು. ಮಡಕೆ ಪಿಸುಗುಟ್ಟುತ್ತಿತ್ತು, ಇದು ಗುನುಗುತ್ತಿತ್ತು. ನೆಲದೊಳಗೆ ಯಾರೋ ಹಲ್ಲು ಕಚ್ಚಿ ಉಸಿರಾಡುತ್ತಿರುವ ಹಾಗೆ. ಊಟಕ್ಕೆ ಕೂತರೂ ಅದೇ ಸದ್ದು ಕಿವಿಯಲ್ಲಿ. ತಟ್ಟೆ ಬಿಟ್ಟು ಎದ್ದು ಚಪ್ಪಡಿಯ ಬಳಿಗೆ ಹೋಗುತ್ತಿದ್ದ.

ಯಾವುದಕ್ಕೆ ಹೆದರುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡ. ಹೆಸರಿಲ್ಲದ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

ಸದ್ದು ತಗ್ಗಿದ ದಿನ ದುಂಡಯ್ಯ ಸೋಸುವ ಬಟ್ಟೆಯನ್ನೂ ಕೊಡವನ್ನೂ ಏಣಿಯನ್ನೂ ತಂದ. ಇಬ್ಬರೂ ಚಪ್ಪಡಿ ಸರಿಸಿದರು. ಒಂದು ಚುರುಕು ವಾಸನೆ ಮೂಗಿಗೆ ಸೂಜಿಯಂತೆ ಚುಚ್ಚಿತು.

ಹಗೇವಿನೊಳಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬಿತ್ತು. ಗುಡಾಣದ ಪಕ್ಕದಲ್ಲಿ ಒಂದು ಹಲ್ಲಿ ಹೊಟ್ಟೆ ಮೇಲಾಗಿ ಬಿದ್ದಿತ್ತು.

“ದುಂಡಯ್ಯಾ, ಅಲ್ಲಿ ನೋಡು.”

“ಕದ್ದು ಕುಡಿದಿರಬೇಕು, ಪಾಪ. ಅವ್ವ ಒಂದೇ ಬಟ್ಟಲು ಎಂದದ್ದು ಅದಕ್ಕೆ ಯಾರು ಹೇಳಬೇಕು?”

ಶಾಂತವೀರ ನಗಲಿಲ್ಲ.

“ನಿಮ್ಮ ಊರಲ್ಲಿ ಹಗೇವಿಗೆ ಹೀಗೆಯೇ ಇಳಿಯುತ್ತೀರಾ?”

“ಕಾಳು ತುಂಬಿದ್ದರೆ ಮೊದಲು ದೀಪ ಬಿಡುತ್ತೇವೆ. ದೀಪ ಆರಿದರೆ ಇಳಿಯುವುದಿಲ್ಲ, ಆ ದಿನ ತೆರೆದೇ ಬಿಡುತ್ತೇವೆ. ಕಾಳು ಕೂತ ಹಗೇವು ಕೆಟ್ಟದ್ದು. ಇಲ್ಲಿ ಕಾಳೆಲ್ಲಿದೆ? ಗುಡಿಸಿದವನೇ ನೀನು.”

“ಆದರೂ ಬೇಡ. ಅವ್ವ ಬರಲಿ.”

“ಹೆಸರಲ್ಲಿ ವೀರ, ಇಳಿಯಲು ಅವ್ವ ಬೇಕು! ದೋಣಿಕಟ್ಟೆಯಲ್ಲಿ ಜನ ಕೂತಿದ್ದಾರಪ್ಪ. ಮೇಲಿನಿಂದ ಕೊಡ ಬಿಟ್ಟರೆ ಗಸಿ ಕದಡುತ್ತದೆ. ಸರಿ, ನಾನೇ ಇಳಿದು ತುಂಬಿಕೊಡುತ್ತೇನೆ.”

“ಹಾಗಾದರೆ ಕಂಕುಳಿಗೆ ಹಗ್ಗ ಕಟ್ಟುತ್ತೇನೆ.”

“ನಾನೇನು ಬಾವಿಗೆ ಬಿಡುವ ಕೊಡವೇ?”

“ಕಟ್ಟದೆ ಬಿಡುವುದಿಲ್ಲ.”

ಅವನ ದನಿ ಕೇಳಿ ದುಂಡಯ್ಯ ತೋಳೆತ್ತಿ ನಿಂತ. ಶಾಂತವೀರ ಹಗ್ಗವನ್ನು ಬಿಗಿದ, ಮತ್ತೊಮ್ಮೆ ಎಳೆದು ನೋಡಿದ. ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಸುತ್ತಿದ. ದುಂಡಯ್ಯ ನಗುತ್ತಲೇ ಏಣಿಯ ಮೇಲೆ ಕಾಲಿಟ್ಟ.

“ತಣ್ಣಗಿದೆಯೋ!” ಎಂದು ಅರ್ಧದಿಂದ ಕೂಗಿದ. “ಇಲ್ಲೇ ಹಾಸಿಗೆ ಹಾಸಿ ಮಲಗಬಹುದು. ಒಂದು ದಿಂಬು...”

ಮಾತು ಅಲ್ಲಿಗೆ ನಿಂತಿತು.

“ದುಂಡಯ್ಯಾ?”

ಕೆಳಗೆ ಆ ದೊಡ್ಡ ಮೈ ಏಣಿಯ ಬುಡದಲ್ಲಿ ಮೆಲ್ಲಗೆ ಕುಸಿದು ಕೂತಿತು. ದಣಿದವರು ಕೂರುವ ಹಾಗೆ. ತಲೆ ಎದೆಯ ಮೇಲೆ ವಾಲಿತು.

ಶಾಂತವೀರ ಹಗ್ಗವನ್ನು ಮರೆತ. ಮೈಮೇಲೆ ಪ್ರಜ್ಞೆಯಿಲ್ಲದೆ ಏಣಿಯತ್ತ ನುಗ್ಗಿದ. ಒಂದು ಕಾಲು ಇಳಿಸಿಯೂ ಇದ್ದ. ಹಿಂದಿನಿಂದ ಯಾರೋ ಅವನ ಜುಟ್ಟು ಹಿಡಿದು ನೆಲಕ್ಕೆ ಕೆಡವಿದರು.

ದೋಣಿಯಿಂದ ಆಗಷ್ಟೇ ಇಳಿದು ಬಂದಿದ್ದ ಭಾಗೀರಥಿ ಅವ್ವ.

“ಬಿಡಿ ಅವ್ವಾ! ಅವನು ಕೆಳಗಿದ್ದಾನೆ!”

“ನೀನೂ ಇಳಿದರೆ ಇಬ್ಬರಾಗುತ್ತೀರಿ. ಹಗ್ಗ ಎಳೆ.”

ಎಳೆದರು. ಹಗ್ಗ ಅಂಗೈಯ ಸಿಪ್ಪೆ ಸುಲಿಯಿತು. ದುಂಡಯ್ಯನ ಭುಜ ಒಮ್ಮೆ ಹಗೇವಿನ ಬಾಯಿಯ ಅಂಚಿಗೆ ಸಿಕ್ಕಿಕೊಂಡಿತು. ಶಾಂತವೀರ ಏನೇನೋ ಕೂಗುತ್ತಿದ್ದ, ತನಗೇ ಕೇಳಿಸುತ್ತಿರಲಿಲ್ಲ. ಅವ್ವ ಬಗ್ಗಿ ಭುಜವನ್ನು ತಿರುಗಿಸಿದರು. ಕಡೆಗೂ ಆ ಮೈ ಬಿಸಿಲಿಗೆ ಬಂದು ಬಿತ್ತು.

ತುಟಿ ನೇರಳೆಯಾಗಿತ್ತು. ಅವ್ವ ಅವನನ್ನು ಮಗ್ಗುಲಾಗಿಸಿ ಬೆನ್ನು ಗುದ್ದಿದರು. ಏನೂ ಆಗಲಿಲ್ಲ. ಮತ್ತೆ ಗುದ್ದಿದರು.

ಶಾಂತವೀರ ಮೊಣಕಾಲೂರಿ ಅವನ ಕಂಕುಳ ಹಗ್ಗವನ್ನು ಸಡಿಲಿಸಿದ.

ಆಮೇಲೆ ದುಂಡಯ್ಯ ಕೆಮ್ಮಿದ. ಕಣ್ಣು ತೆರೆದು ಆಕಾಶ ನೋಡಿದ. ಅವನ ಬಾಯಿಂದ ಒಂದು ತಮಾಷೆಯೂ ಹೊರಡಲಿಲ್ಲ.

ಅವ್ವ ಒಂದು ಹಣತೆ ಹಚ್ಚಿ ಬುಟ್ಟಿಯಲ್ಲಿಟ್ಟು ಹಗೇವಿಗೆ ಇಳಿಬಿಟ್ಟರು. ಅಲ್ಲಿ ಗಾಳಿಯಾಡುತ್ತಿರಲಿಲ್ಲ. ಆದರೂ ಅರ್ಧ ದಾರಿಯಲ್ಲಿ, ಯಾರೋ ಬೆರಳಿನಿಂದ ಒತ್ತಿದಂತೆ, ಕುಡಿ ಆರಿತು.

ಮೇಲೆಳೆದು ಮತ್ತೆ ಹಚ್ಚಿ ಇಳಿಸಿದರು. ಅದೇ ಎತ್ತರದಲ್ಲಿ ಮತ್ತೆ ಆರಿತು.

“ಆದರೆ ಕಾಳಿರಲಿಲ್ಲವಲ್ಲ, ಅವ್ವಾ,” ಎಂದ ದುಂಡಯ್ಯ, ಮಲಗಿದಲ್ಲಿಂದಲೇ.

“ಗುಡಾಣದಲ್ಲಿ ಇದ್ದದ್ದು ಏನು?”

ದುಂಡಯ್ಯ ಕಣ್ಣು ಮುಚ್ಚಿದ.

ಶಾಂತವೀರ ಕೇಳಿದ: “ಅಡುಗೆಮನೆಯ ಮಡಕೆಯ ಪಕ್ಕದಲ್ಲಿ ನಾನು ಎಷ್ಟೋ ಸಲ ಮಲಗಿದ್ದೇನೆ. ಅದು ನನ್ನನ್ನು ಏನೂ ಮಾಡಲಿಲ್ಲ. ಯಾಕೆ?”

“ಅದೂ ಇದೇ ಉಸಿರನ್ನು ಬಿಡುತ್ತಿತ್ತು. ಬಾಗಿಲು ಅದನ್ನು ಹೊರಗೆ ಒಯ್ಯುತ್ತಿತ್ತು. ನೀನು ಜವೆಗೋಧಿಯನ್ನು ಇಪ್ಪತ್ತು ಪಟ್ಟು ಹೆಚ್ಚಿಸಿದೆ, ನೀರನ್ನು ಹೆಚ್ಚಿಸಿದೆ, ಗಸಿಯನ್ನೂ ಹೆಚ್ಚಿಸಿದೆ. ಬಾಗಿಲನ್ನು ಮಾತ್ರ ಮುಚ್ಚಿದೆ.”

ಅವ್ವ ಮೇಲಿನಿಂದಲೇ ಹಗ್ಗಕ್ಕೆ ಕಟ್ಟಿದ ತಂಬಿಗೆಯನ್ನು ಗುಡಾಣಕ್ಕೆ ಬಿಟ್ಟು ಎತ್ತಿದರು. ಬಟ್ಟೆಯಲ್ಲಿ ಸೋಸಿ ಒಂದು ಗುಟುಕು ಕುಡಿದರು.

“ಚೆನ್ನಾಗಿದೆ,” ಎಂದರು. “ನನ್ನ ಮಡಕೆಯದ್ದಕ್ಕಿಂತ ಚೆನ್ನಾಗಿದೆ.”

ಶಾಂತವೀರನಿಗೆ ಹಲ್ಲಿಗಿಂತ, ಆರಿದ ದೀಪಕ್ಕಿಂತ, ಆ ಮಾತು ಹೆಚ್ಚು ಭಯ ಹುಟ್ಟಿಸಿತು. ಇನ್ನು ಇದನ್ನೇ ಮತ್ತೆ ಮಾಡಬೇಕಲ್ಲ.

“ಅವ್ವಾ, ಮೊದಲ ದಿನದಿಂದ ನನಗೆ ಹೆದರಿಕೆಯಿತ್ತು. ಶಿಷ್ಯನಾದವನು ಹೆದರಬಾರದೆಂದು ಬಾಯಿ ಮುಚ್ಚಿಕೊಂಡೆ.”

“ಕೈಯನ್ನು ಮುಚ್ಚಿಕೊಳ್ಳಲಿಲ್ಲವಲ್ಲ. ಹಗ್ಗ ಕಟ್ಟಿದ್ದು ಯಾರು?”

ಅವನು ಬೇವಿನ ಮರಕ್ಕೆ ಸುತ್ತಿದ್ದ ಹಗ್ಗದತ್ತ ನೋಡಿದ.

“ಇದನ್ನು ತೆರೆದಿಡು. ಮೇಲಿನಿಂದಲೇ ಎತ್ತಿ ಸೋಸಿ ಜನರಿಗೆ ಕೊಡು. ಆಮೇಲೆ, ಕೆಳಗೆ ದೀಪ ಆರದೆ ಉರಿದ ದಿನ, ಗುಡಾಣವನ್ನು ನದಿಯ ತಂಗಾಳಿ ಬೀಸುವ ತೆರೆದ ಚಪ್ಪರಕ್ಕೆ ತಂದು ಮತ್ತೆ ತುಂಬು.”

“ನನ್ನಿಂದಾಗದು, ಅವ್ವಾ. ದುಂಡಯ್ಯನಿಗೆ ಹೇಳಿ. ಅವನು ಯಾವುದಕ್ಕೂ ಹೆದರುವವನಲ್ಲ.”

“ಅದಕ್ಕೇ ಅವನಿಗೆ ಹೇಳುವುದಿಲ್ಲ.”

ಶಾಂತವೀರ ಸುಲಿದ ಅಂಗೈಗಳನ್ನು ಮುಂದೆ ಚಾಚಿದ.

“ನೋಡಿ, ಕೈ ಇನ್ನೂ ನಡುಗುತ್ತಿದೆ. ನಡುಕ ನಿಲ್ಲಲಿ, ಆಮೇಲೆ ತುಂಬುತ್ತೇನೆ.”

ಅವ್ವ ತಂಬಿಗೆಯನ್ನು ಆ ಕೈಗಳಲ್ಲಿಟ್ಟರು.

“ನಡುಕ ಇರುವಾಗಲೇ ತುಂಬು. ಅದು ನಿಂತ ದಿನ ಗುಡಾಣವನ್ನು ಮುಟ್ಟಬೇಡ.”